ನೆಂಟರು ಬಂದರು, ಕವಣೆ ತೆಗೆ!

ಮೊತ್ಸುಮಿ ಎಂದರೆ ನಮ್ಮ ಮಾತಿನಲ್ಲಿ ಬೇಟೆಗಾರ. ಹೆಸರಿಟ್ಟ ಅಜ್ಜನಿಗೆ ದೂರದೃಷ್ಟಿ ಇರಲಿಲ್ಲ, ಪಾಪ. ನಮ್ಮ ಪಕ್ಕದ ಅಂಗಳದ ಈ ಬೇಟೆಗಾರ ಇಲಿ ಕಂಡರೆ ಮಂಚ ಹತ್ತುತ್ತಾನೆ, ಹಲ್ಲಿ ಕಂಡರೆ ಅಕ್ಕನನ್ನು ಕೂಗುತ್ತಾನೆ. ಊರ ಸುತ್ತ ಆನೆ, ಸಿಂಹ, ಕಾಡೆಮ್ಮೆಗಳು ತುಂಬಿ ತುಳುಕುತ್ತಿದ್ದರೂ ತಲೆ ನರೆಯುವವರೆಗೆ ಅವನು ಹತ್ತಿರದಿಂದ ಕಂಡ ಅತಿ ದೊಡ್ಡ ಪ್ರಾಣಿ ಕತ್ತೆ. ಅದೂ ಅವನನ್ನು ಒದ್ದಿತ್ತು.

ನಮ್ಮೂರು ಮೌನ್. ಮೌನ ಹೆಸರಿನಲ್ಲಿ ಮಾತ್ರ. ಬೀದಿಯಲ್ಲಿ ಕತ್ತೆಗಳು, ಆಕಾಶದಲ್ಲಿ ಪುಟ್ಟ ವಿಮಾನಗಳು, ಇವೆರಡರ ನಡುವೆ ಮೊತ್ಸುಮಿ, ಮೂವರಲ್ಲಿ ಯಾರೂ ಬಾಯಿ ಮುಚ್ಚುವುದಿಲ್ಲ. ಆ ವಿಮಾನಗಳು ಒಕವಾಂಗೊ ನದಿಯ ಕವಲುಗಳೊಳಗಿನ ಬಿಡಾರಗಳಿಗೆ ದೂರದೇಶದ ಪ್ರವಾಸಿಗಳನ್ನು ಹೊತ್ತೊಯ್ಯುತ್ತವೆ. ಏರುವ ಮೊದಲು ಅವರ ಚೀಲಗಳನ್ನು ತಕ್ಕಡಿಗೆ ಹಾಕಬೇಕು. ಹಾಕುವವನು ಮೊತ್ಸುಮಿ. ಚೀಲ ಭಾರವಾದರೆ ಅವನು ಹುಬ್ಬು ಗಂಟಿಕ್ಕುತ್ತಾನೆ, ಎಂಥ ಕೋಟ್ಯಧೀಶ್ವರನೂ ಅಲ್ಲೇ ಕೂತು ಚಡ್ಡಿ ಬನಿಯನ್‌ಗಳನ್ನು ಹೊರಗೆ ತೆಗೆಯುತ್ತಾನೆ. ಇಷ್ಟು ಅಧಿಕಾರ ದಿನಾಲೂ ಅನುಭವಿಸಿದವನ ನಾಲಿಗೆ ಸ್ವಲ್ಪ ಉದ್ದವಾಗುವುದು ಸಹಜ.

ಅವನ ಅಕ್ಕನ ಮಗಳು ಗೊರಾತಾ, ದಕ್ಷಿಣದ ಮೊಚುಡಿ ಊರಿನ ಥೂಸೊ ಎಂಬ ಹುಡುಗನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ಆದರೆ ನಮ್ಮಲ್ಲಿ ಹುಡುಗ ಹುಡುಗಿ ಒಪ್ಪಿದರೆ ಅರ್ಧವೂ ಆದಂತಲ್ಲ. ಹುಡುಗನ ಕಡೆಯ ಹಿರಿಯರು ಬಂದು ಹೆಣ್ಣು ಕೇಳಬೇಕು, ಹೆಣ್ಣಿನ ಸೋದರಮಾವ ಹೂಂ ಅನ್ನಬೇಕು. ಸೋದರಮಾವನಿಲ್ಲದೆ ಮದುವೆ ಇಲ್ಲ. ಗೊರಾತಾಗೆ ಇರುವ ಒಬ್ಬನೇ ಸೋದರಮಾವ ಮೊತ್ಸುಮಿ. ವಿಧಿ ಅಂದರೆ ಇದು.

ಪರಿಚಯಕ್ಕೆಂದು ಮೊಚುಡಿಗೆ ಹೋದವನು ಅಲ್ಲಿಯ ಹಿರಿಯರ ಮುಂದೆ ಕಾಲಮೇಲೆ ಕಾಲು ಹಾಕಿ ಹೇಳಿದನಂತೆ: "ನನ್ನ ಕೈ ಬೀಳದೆ ಮೌನ್‌ನಿಂದ ಒಂದು ವಿಮಾನ ಏಳೋದಿಲ್ಲ."

"ಎಷ್ಟು ವಿಮಾನ ಇದಾವೆ ರ್ರಾ?" ಎಂದು ಥೂಸೊನ ದೊಡ್ಡಪ್ಪ ರಪುಲ ಕೇಳಿದರು. ರ್ರಾ ಎಂದರೆ ನಮ್ಮಲ್ಲಿ ಗಂಡಸರಿಗೆ ಕೊಡುವ ಮರ್ಯಾದೆ, ಸ್ವಾಮಿ ಎಂದ ಹಾಗೆ.

"ಯಾರು ಲೆಕ್ಕ ಇಡ್ತಾರೆ!"

ಎರಡು ಮಾತೂ ಸತ್ಯ, ಒಂದಕ್ಷರ ಸುಳ್ಳಿಲ್ಲ. ಸತ್ಯವನ್ನೇ ನುಡಿದು ಇಷ್ಟು ದೊಡ್ಡ ಸುಳ್ಳು ಕಟ್ಟಿದ ಬೇರೊಬ್ಬನನ್ನು ನಾನು ಕಂಡಿಲ್ಲ. ಬೀಳ್ಕೊಡುವಾಗ ಇನ್ನೊಂದು ಮಾತನ್ನೂ ಸೇರಿಸಿ ಬಂದಿದ್ದ: "ಹೆಣ್ಣು ಕೇಳೋಕೆ ಬಂದಾಗ ಒಂದಿನ ಮುಂಚೇನೇ ಬನ್ನಿ, ಸಫಾರಿ ಮಾಡಿಸ್ತೀನಿ. ಬಿಡಾರ ನಮ್ಮದೇ ಅಂದ್ಕೊಳ್ಳಿ." ಅವರು ಹಾಗೆಯೇ ಅಂದುಕೊಂಡರು.

ಹಿರಿಯರು ಹೊರಡುತ್ತಾರೆಂಬ ಸುದ್ದಿ ಬಂದ ಬೆಳಿಗ್ಗೆ ಅವನ ಅಕ್ಕನ ಅಂಗಳದಲ್ಲಿ ನಾನೂ ಇದ್ದೆ. ಅಕ್ಕನನ್ನು ಊರೆಲ್ಲ ಮಗಳ ಹೆಸರು ಹಿಡಿದು ಮ್ಮಾ-ಗೊರಾತಾ, ಅಂದರೆ ಗೊರಾತಾಳ ಅಮ್ಮ, ಎನ್ನುತ್ತದೆ. ಆಕೆ ಒನಕೆ ಹಿಡಿದು ಜೋಳ ಕುಟ್ಟುತ್ತಿದ್ದಳು. ಸುದ್ದಿ ಕೇಳಿ ಕುಟ್ಟುವುದನ್ನು ನಿಲ್ಲಿಸಿದಳು, ಒನಕೆ ಮಾತ್ರ ಕೆಳಗಿಡಲಿಲ್ಲ.

"ಸಫಾರಿ? ಲೋ, ನೀನು ಸಫಾರಿ ಮಾಡಿಸ್ತೀಯಾ? ಮೊನ್ನೆ ಕೋಳಿ ಗೂಡಿಗೆ ಮುಂಗುಸಿ ಬಂತು ಅಂತ ನನ್ನ ಗಟ್ಟಿಯಾಗಿ ಅಪ್ಕೊಂಡೋನು ಯಾರು?"

"ಅಕ್ಕ, ಆಗ ಕತ್ತಲೆ ಇತ್ತು."

"ಮಟಮಟ ಮಧ್ಯಾಹ್ನ ಆಗಿತ್ತು! ನೋಡು, ನನ್ನ ಮಗಳ ಮದುವೆ ನಿನ್ನ ಬಾಯಿಂದ ಏನಾದ್ರೂ ಮುರೀತೋ, ಈ ಒನಕೆ ಯಾರ ತಲೆ ಮೇಲೆ ಬೀಳ್ತದೆ ಅಂತ ನಾನು ಹೇಳೋದಿಲ್ಲ."

ಹೇಳುವ ಅಗತ್ಯವೂ ಇರಲಿಲ್ಲ. ಒಳಗಿನಿಂದ ಗೊರಾತಾ ಬಂದು ಮಾವನ ಪಕ್ಕ ಕೂತಳು. "ಮಾಮ, ಮಾಡಿಸ್ತೀಯ ಅಲ್ವಾ? ನಾನು ಥೂಸೊಗೆ ಮಾತು ಕೊಟ್ಟಿದೀನಿ, ನಮ್ಮ ಮಾಮ ಹೇಳಿದ್ರೆ ಮಾಡೇ ಮಾಡ್ತಾನೆ ಅಂತ." ಮೊತ್ಸುಮಿಯ ಮುಖ ಒಂದು ಕ್ಷಣ ಬಾಡಿತು. ಆ ಹುಡುಗಿಯನ್ನು ಅವನು ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ಅವಳ ಮುಂದೆ ಇಲ್ಲ ಎನ್ನುವುದು ಅವನಿಗೆ ಹುಟ್ಟಿದಾರಭ್ಯ ಬಂದಿಲ್ಲ. "ಮಾಡಿಸ್ತೀನಿ ಕಣೇ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಆನೆ, ನಿನ್ನ ಲಾರಿ ಓಡ್ತದಾ?" ಎಂದ.

ಇಲ್ಲೊಂದು ವಿಷಯ ಹೇಳಿಬಿಡಬೇಕು. ನನ್ನ ಹೆಸರು ಆನೆಯಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪ್ರಾಣಿಯ ಬೆಡಗು, ಅಂದರೆ ಕುಲದ ಗುರುತು. ಮರ್ಯಾದೆ ಕೊಟ್ಟು ಕರೆಯಬೇಕಾದರೆ ಹೆಸರು ಹಿಡಿಯುವುದಿಲ್ಲ, ಪ್ರಾಣಿಯನ್ನು ಹಿಡಿಯುತ್ತೇವೆ. ನಾನು ಆನೆಯವನು, ಮೈಯಲ್ಲಿ ಮಾಂಸವಿಲ್ಲ ಅಷ್ಟೆ. ಮೊತ್ಸುಮಿ ನೀರಾನೆಯವನು. ಅವನ ಹೊಟ್ಟೆ ನೋಡಿದವರು ಬೆಡಗು ಕೇಳುವುದೇ ಇಲ್ಲ. ಮೊಚುಡಿಯ ಆ ಹಿರಿಯರು ಕೋತಿಯವರು. ಬೇರೆ ಕಡೆ ಯಾರನ್ನಾದರೂ ಕೋತಿ ಎಂದರೆ ಕಪಾಳಕ್ಕೆ ಬೀಳುತ್ತದೇನೋ. ಅವರನ್ನು ಹಾಗನ್ನದಿದ್ದರೆ ಬೀಳುತ್ತದೆ. ಬೆಡಗಿನ ಪ್ರಾಣಿಯನ್ನು ಹೊಡೆಯುವಂತಿಲ್ಲ, ತಿನ್ನುವಂತಿಲ್ಲ, ಬೈಯುವಂತೆಯೂ ಇಲ್ಲ. ಮುಂದಿನ ಅನಾಹುತಕ್ಕೆಲ್ಲ ಬೇರು ಇಲ್ಲಿದೆ.

ಯೋಜನೆ ಅಂಗಳದ ಮರಳಿನಲ್ಲೇ ಶುರುವಾಯಿತು. ಮೊತ್ಸುಮಿ ಕಡ್ಡಿಯಿಂದ ನದಿ ಬರೆದ, ಕವಲು ಬರೆದ, ದ್ವೀಪಗಳನ್ನು ಬರೆದ. ಕೋಳಿಗಳು ನಡುನಡುವೆ ಬಂದು ಭೂಗೋಳವನ್ನು ತಿದ್ದಿದವು.

"ಬೆಳಿಗ್ಗೆ ಸಿಂಹ. ತಿಂಡಿಗೆ ಮುಂಚೆ," ಎಂದ. "ಹಸಿದಿರುವಾಗ ಮುಖದಲ್ಲಿ ಒಂದು ಕಳೆ ಇರ್ತದೆ."

"ಯಾರು ಹಸಿದಿರುವಾಗ?" ಎಂದೆ.

ಅವನು ಸ್ವಲ್ಪ ಯೋಚಿಸಿ ಸಿಂಹವನ್ನು ಕಾಲಿನಿಂದ ಒರೆಸಿ ಮಧ್ಯಾಹ್ನಕ್ಕೆ ಬರೆದ.

ನೆರೆಹೊರೆ ಸುಮ್ಮನಿರುತ್ತದೆಯೇ? ಬೇಲಿಯಾಚೆಯ ಮುದುಕಿ ಇಣುಕಿ, "ಆನೆ ನೋಡೋಕೆ ಅಷ್ಟು ದೂರ ಯಾಕಪ್ಪಾ? ನನ್ನ ಹೊಲಕ್ಕೆ ಕರ್ಕೊಂಡ್ಬಾ. ಆನೆ ನೋಡಿದ ಹಾಗೂ ಆಯ್ತು, ಬೇಲಿ ಕಟ್ಟಿಕೊಟ್ಟ ಹಾಗೂ ಆಯ್ತು," ಎಂದಳು. ಬೇಲಿ ಕಟ್ಟುವ ನೆಂಟರು ಸಿಕ್ಕರೆ ತನ್ನ ಮೊಮ್ಮಗಳಿಗೂ ಒಂದು ಗಂಡು ನೋಡಲು ಹೇಳಿದಳು.

ಕೊನೆಗೆ ಎಲ್ಲರ ಕಣ್ಣು ಕೆಲಪೀಲೆಯ ಮೇಲೆ ಬಿತ್ತು. ಇವನು ನದಿಯ ಮೇಲ್ಗಡೆಯ ಹಂಬುಕುಶು ಜನರವನು. ಕವಲಿನ ದಡದ ಒಂದು ಸಣ್ಣ ಬಿಡಾರ ನೋಡಿಕೊಳ್ಳುತ್ತಾನೆ, ಮರದ ದೋಣಿ ನಡೆಸುತ್ತಾನೆ. ಕೆಲಪೀಲೆ ಎಂದರೆ "ದಣಿದೆ" ಎಂದರ್ಥ. ಹೆತ್ತ ತಾಯಿ ತನ್ನ ಬಗ್ಗೆ ಹೇಳಿಕೊಂಡ ಮಾತನ್ನು ಮಗು ತನ್ನದೆಂದು ನಂಬಿಬಿಟ್ಟಿತು. ಇವತ್ತಿಗೂ ಕೂತಲ್ಲೇ ಕೂತಿರುತ್ತಾನೆ. ಆದರೆ ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುತ್ತಾನೆ, ಒಂದೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಈ ಗುಣ ಎಷ್ಟು ಅಪಾಯಕಾರಿ ಎಂದು ನಮಗಾಗ ಗೊತ್ತಿರಲಿಲ್ಲ.

ಉಪ್ಪು, ಹಿಟ್ಟು ಕೊಳ್ಳಲು ಊರಿಗೆ ಬಂದ ಅವನನ್ನು ಮೊತ್ಸುಮಿ ಹಿಡಿದು ಕೂರಿಸಿದ.

"ಸಿಂಹ ತೋರಿಸ್ತೀಯಾ?"

"ಸಿಂಹದ ಮಾತು ನಾನು ಕೊಡಲ್ಲ ರ್ರಾ. ಅದು ಬಂದ್ರೆ ಬರ್ತದೆ."

"ಆನೆ?"

"ಅದೂ ಅದರಿಷ್ಟ. ಒಂದು ಪ್ರಾಣಿ ಮಾತ್ರ ಖಾತ್ರಿ. ಬೇಡ ಅಂದ್ರೂ ಬರ್ತದೆ, ಓಡಿಸಿದ್ರೂ ಬರ್ತದೆ. ಮೊನ್ನೆ ಒಬ್ಬ ಪ್ರವಾಸಿ ಹಲ್ಲುಸೆಟ್ಟು ಎತ್ಕೊಂಡ್ ಹೋಯ್ತು."

"ಯಾವುದಯ್ಯಾ ಅದು?"

"ಕೋತಿ."

ಮೊತ್ಸುಮಿ ಅವನ ಬಾಯಿ ಮುಚ್ಚಿದ. ಆಚೀಚೆ ನೋಡಿದ, ಮೊಚುಡಿ ಏನೋ ಬೇಲಿಯ ಹಿಂದೆಯೇ ಇದ್ದಂತೆ. "ಹಾಗನ್ಬೇಡ್ವೋ! ಬರೋರು ಯಾರು ಗೊತ್ತಾ? ಕೋತಿಯವರು! ಅವರೆದುರು ನೀನು 'ಕಳ್ಳಕೋತಿ ಬಂತು, ಹಾಳು ಕೋತಿ ಬಂತು' ಅಂತ ಕೂಗಿದ್ರೆ ಮದುವೆ ಅಲ್ಲಿಗೇ ಮುಗೀತು."

"ಮತ್ತೆ ಏನಂತ ಕೂಗ್ಲಿ?"

ಮೊತ್ಸುಮಿ ಕಣ್ಣು ಮುಚ್ಚಿ ಯೋಚಿಸಿದ. ಕಣ್ಣು ತೆರೆದಾಗ ಮುಖದಲ್ಲಿ ಜ್ಞಾನೋದಯವಾದ ಕಳೆ. "'ನೆಂಟರು' ಅನ್ನು. 'ನೆಂಟರು ಬಂದ್ರು' ಅಂದ್ರೆ ಅವು ಬಂದ್ವು ಅಂತ ನಮಗೆ ಗೊತ್ತಾಗ್ತದೆ, ಅವರಿಗೆ ಗೊತ್ತಾಗೋದಿಲ್ಲ. ಹಿರಿಯರು ಬರೋದರೊಳಗೆ ಆ ನೆಂಟರನ್ನ ಬಿಡಾರದಿಂದ ಓಡಿಸಿಬಿಡು. ಕವಣೆ ಇದೆಯಾ?"

"ಇದೆ."

"ಮೆಣಸಿನ ಬೆರಣಿ?"

ಆನೆ ಲದ್ದಿಗೆ ಮೆಣಸಿನಪುಡಿ ಕಲಸಿ ಒಣಗಿಸಿದ ಬೆರಣಿ ಅದು. ಹೊಲದ ಬದುವಿನಲ್ಲಿ ಸುಟ್ಟರೆ ಆನೆಯ ಹಿಂಡೂ ಕೆಮ್ಮುತ್ತ ಓಡುತ್ತದೆ. ಕೆಲಪೀಲೆ, "ಒಂದು ಚೀಲ ಇದೆ," ಎಂದ. ಆಮೇಲೆ ದಣಿವಾಯಿತೆಂದು ಸ್ವಲ್ಪ ಮಲಗಿ, ಎದ್ದು ಹೊರಟುಹೋದ.

ಹಿರಿಯರು ಶನಿವಾರ ಬರುವುದೆಂದು ಮಾತಾಗಿತ್ತು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮ್ಮಾ-ಗೊರಾತಾ ಕುಟ್ಟಿದ ಮಾಂಸವನ್ನೂ ಜೋಳದ ಗಂಜಿಯನ್ನೂ ಬಡಿಸುತ್ತಿದ್ದಳು. ಆಗ ಮೊತ್ಸುಮಿಯ ಫೋನು ಬಡಿದುಕೊಂಡಿತು. ಕೆಲಪೀಲೆ. ಬಿಡಾರದಲ್ಲಿ ಗೆದ್ದಲ ಹುತ್ತದ ನೆತ್ತಿ ಹತ್ತಿದರೆ ಮಾತ್ರ ಫೋನು ಹತ್ತುತ್ತದೆ. ಅವನಂಥವನು ಹುತ್ತ ಹತ್ತಿದ್ದಾನೆ ಎಂದರೆ ಏನೋ ಗಂಡಾಂತರವೇ ಇರಬೇಕು.

"ಮೊತ್ಸುಮಿ ರ್ರಾ! ನೆಂಟರು ಬಂದಿದಾರೆ!"

ಮೊತ್ಸುಮಿ ನನಗೆ ಕಣ್ಣು ಹೊಡೆದ. ತನ್ನ ಗುಟ್ಟಿನ ಮಾತು ಚಾಲ್ತಿಗೆ ಬಂದ ಹೆಮ್ಮೆಗೆ ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದ. "ಎಷ್ಟು ಜನ?"

"ಐದು ಜನ. ನೆರಳಲ್ಲಿ ಕೂತಿದಾರೆ. ಹಸಿವು ಅಂತಿದಾರೆ."

"ಹಸಿವು ಅವರಿಗೆ ಯಾವತ್ತಿಲ್ಲ? ಒಂದು ಕಾಳು ಕೊಟ್ಟೀಯಾ ಜೋಕೆ! ಒಂದ್ಸಲ ರುಚಿ ಹತ್ತಿದ್ರೆ ಮುಗೀತು, ಜನ್ಮದಲ್ಲಿ ಜಾಗ ಬಿಡಲ್ಲ."

"ಒಬ್ರು ಮುದುಕರಿದಾರೆ. ಕೈಯಲ್ಲಿ ಕೋಲಿದೆ."

"ಕಿತ್ಕೋ! ಮುದಿಯದೇ ಎಲ್ಲಕ್ಕಿಂತ ಪಾಕಡಾ!"

"ಒಬ್ರು ಹೆಂಗಸು, ಶಾಲು ಹೊದ್ದಿದಾರೆ."

"ಯಾರ ಮನೇದು ಎತ್ಕೊಂಡು ಬಂದಿದೆಯೋ! ಅದನ್ನೂ ಕಿತ್ಕೋ, ಒಗೆದು ಮಡಚಿಡು."

"ಡೇರೆ ಒಳಗೆ ಹೋಗಿ ಮಲಗ್ತೀವಿ ಅಂತಿದಾರೆ ರ್ರಾ."

"ಮಲಗ್ತಾರಂತೆ! ಮೆಣಸಿನ ಬೆರಣಿ ಹಚ್ಚು! ಗಾಳಿ ನೋಡ್ಕೊಂಡು ಹಚ್ಚು, ನೇರ ಮೂಗಿಗೆ ಹೊಡೀಬೇಕು. ಹತ್ರ ಬಂದ್ರೆ ಕವಣೆ ತೋರ್ಸು."

ಆಮೇಲೆ ಕೆಲಪೀಲೆ ಬಹಳ ಸಣ್ಣ ದನಿಯಲ್ಲಿ, "ಇದು ನಿಮ್ಮ ಕಡೆ ಶಾಸ್ತ್ರವಾ ರ್ರಾ?" ಎಂದ.

"ಶಾಸ್ತ್ರಾನೇ ಅನ್ಕೋ! ಬಿಡದೆ ನಡೆಸು!" ಎಂದು ಮೊತ್ಸುಮಿ ಫೋನಿಟ್ಟ. "ನೋಡಿದ್ಯಾ ಆನೆ? ಯೋಜನೆ ಅಂದ್ರೆ ಇದು," ಎಂದು ಎರಡು ತುತ್ತು ಹೆಚ್ಚಿಗೇ ಉಂಡ.

ಕೈ ತೊಳೆಯುತ್ತಿದ್ದಾಗ ಗೊರಾತಾ ಒಳಗಿನಿಂದ ಓಡಿ ಬಂದಳು. ಅವಳ ಕೈಯಲ್ಲೂ ಫೋನು. ಮುಖದಲ್ಲಿ ಸಂತೋಷ ಹೊಳೆಯುತ್ತಿತ್ತು. "ಮಾಮ! ಥೂಸೊ ಹೇಳ್ದ. ಹೆಣ್ಣು ಕೇಳೋಕೆ ಹೋಗೋರು ತಡ ಆಗ್ಬಾರ್ದು ಅಂತ ದೊಡ್ಡಪ್ಪ ಒಂದಿನ ಮುಂಚೇನೇ ಹೊರಡಿಸಿದ್ರಂತೆ. ದಾರೀಲಿ ಯಾರದೋ ಗಾಡಿ ಸಿಕ್ತಂತೆ, ನಾನು ಹೇಳಿದ್ದ ಬಿಡಾರಕ್ಕೇ ನೇರ ಹೋಗಿ ಇಳಿದಿದಾರಂತೆ. ಐದು ಜನ. ಕೆಲಪೀಲೆ ಚೆನ್ನಾಗಿ ನೋಡ್ಕೊಳ್ತಿದಾನಾ?"

ಮೊತ್ಸುಮಿಯ ಕೈಯಿಂದ ತಂಬಿಗೆ ಜಾರಿತು. ಮ್ಮಾ-ಗೊರಾತಾ ಒನಕೆಯ ಕಡೆ ನಡೆದಳು.

"ಅಕ್ಕ, ಆಮೇಲೆ ಹೊಡಿ," ಎಂದ ಮೊತ್ಸುಮಿ, ದನಿ ಕೀರಲಾಗಿತ್ತು. "ಈಗ ಲಾರಿ ಹತ್ತು."

ಫೋನು ಮಾಡಿದೆವು. ಮಾಡಿದಷ್ಟೂ ಸಲ ಯಾರೋ ಹೆಂಗಸು ಇಂಪಾದ ದನಿಯಲ್ಲಿ ನೀವು ಕರೆದ ವ್ಯಕ್ತಿ ಸಿಗುತ್ತಿಲ್ಲ ಎಂದಳು. ವ್ಯಕ್ತಿ ಹುತ್ತ ಇಳಿದು ಶಾಸ್ತ್ರ ನಡೆಸುತ್ತಿದ್ದ. ಮ್ಮಾ-ಗೊರಾತಾ ಒಳಗೆ ಹೋಗಿ ಗೋಡೆಗೆ ತೂಗುಹಾಕಿದ್ದ ಹೊಸ ಸೋರೆಬುರುಡೆ ತಂದು ಮಡಿಲಲ್ಲಿಟ್ಟುಕೊಂಡಳು. ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಹೆಣ್ಣು ಕೊಡಿ ಎನ್ನುವುದಿಲ್ಲ, ಒಂದು ಬುರುಡೆ ನೀರು ಕೊಡಿ ಎನ್ನುತ್ತಾರೆ. ಕೊಟ್ಟರೆ ಹೆಣ್ಣು ಕೊಟ್ಟ ಹಾಗೆ. ಮಗಳಿಗೆಂದು ತಾನೇ ಬೆಳೆದು, ಒಣಗಿಸಿ, ಗೀರು ಕೆತ್ತಿದ ಬುರುಡೆ ಅದು. "ಕೇಳೋರು ಉಳಿದಿದ್ರೆ ಕೊಡೋಣ," ಎಂದಳು. ಕಣ್ಣಲ್ಲಿ ನೀರಿತ್ತು. ಮೊತ್ಸುಮಿ ಅದನ್ನು ನೋಡಿದ. ಗೊರಾತಾಳನ್ನು ಮನೆಯಲ್ಲೇ ಬಿಟ್ಟು ನಾನು ಲಾರಿ ಹೊರಡಿಸಿದೆ.

ದನಕರುಗಳಿಗೆ ಕಾಡೆಮ್ಮೆಯ ರೋಗ ತಗುಲದಿರಲೆಂದು ಹಾಕಿದ ಬೇಲಿಯ ಗೇಟಿನಲ್ಲಿ ಕಾವಲಿನ ಅಧಿಕಾರಿ ಕೈ ಅಡ್ಡ ಹಿಡಿದ. ಅಲ್ಲಿ ಬೂಟನ್ನು ಔಷಧದ ನೀರಿನಲ್ಲಿ ಅದ್ದಬೇಕು, ಬುತ್ತಿ ಬಿಚ್ಚಿ ತೋರಿಸಬೇಕು, ಅವನ ಪುರಾಣ ಕೇಳಬೇಕು.

"ಇಳೀರಿ. ಮಾಂಸಗೀಂಸ ಏನಾದ್ರೂ ಇದೆಯಾ?"

"ಬೇಗ ಬಿಡಿ ರ್ರಾ!" ಮೊತ್ಸುಮಿ ಕಿಟಕಿಯಿಂದ ಅರ್ಧ ಹೊರಗೆ ಬಂದ. "ಅಲ್ಲಿ ನೆಂಟರು ಹೊಗೆ ಹಾಕಿಸ್ಕೊಳ್ತಿದಾರೆ!"

ಅಧಿಕಾರಿ ಟೋಪಿ ತೆಗೆದ. "ಅಯ್ಯೋ ಪಾಪ. ಯಾರು ಹೋಗಿದ್ದು?"

"ಐದೂ ಜನ!"

"ಒಟ್ಟಿಗೇನಾ?" ಟೋಪಿಯನ್ನು ಎದೆಗೆ ಒತ್ತಿಕೊಂಡು ತಾನೇ ಓಡಿ ಗೇಟು ತೆರೆದ. ಬೂಟು ಅದ್ದಿಸಲಿಲ್ಲ. ಮ್ಮಾ-ಗೊರಾತಾಳ ಕೈ ಹಿಡಿದು, "ಧೈರ್ಯ ತಗೊಳ್ಳಿ ಮ್ಮಾ," ಎಂದ. ಆಕೆ ಅತ್ತಳು. ಆ ಅಳು ನಿಜವಾದದ್ದೇ ಆಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಗೇಟು ದಾಟಿದ ಮೇಲೆ ನಡೆದದ್ದನ್ನು ಪ್ರವಾಸಿಗಳಿಗೆ ಹೇಳಿದರೆ ಹೊಟ್ಟೆಕಿಚ್ಚಿನಿಂದ ಸಾಯುತ್ತಾರೆ. ಮೊದಲು ಕಾಡೆಮ್ಮೆಗಳು, ನೆಲ ಕಪ್ಪಾಗುವಷ್ಟು. "ತಪ್ಪಿಸ್ಕೊಂಡು ಹೋಗು!" ಎಂದ ಮೊತ್ಸುಮಿ, ನೋಡಲೂ ಇಲ್ಲ. ಆಮೇಲೆ ಜಿರಾಫೆಗಳು ದಾರಿಯ ಎರಡೂ ಕಡೆ ನಿಂತು ಬಾಗಿ ನಮ್ಮನ್ನು ಸ್ವಾಗತಿಸಿದವು. "ಹಾರ್ನ್ ಮಾಡು!" ಎಂದ. ಆನೆಯ ಹಿಂಡು, ಮರಿಗಳು ಸೇರಿ, ಆಡುತ್ತ ಓಲಾಡುತ್ತ ದಾರಿ ದಾಟಿತು. ಮ್ಮಾ-ಗೊರಾತಾ ತಲೆ ಹೊರಹಾಕಿ, "ಲೇ, ಇದು ನಿಮ್ಮಪ್ಪನ ಮನೆ ಅಂಗಳವೇನೇ? ಬೇಗ ನಡೀರಿ!" ಎಂದು ಆನೆಗಳಿಗೆ ಬೈದಳು. ನಾನು ಆನೆಯವನು, ನನಗೆ ನೋವಾಯಿತು. ಆದರೆ ಆ ಹೊತ್ತಿನಲ್ಲಿ ಬೆಡಗಿನ ಮಾನ ಕಾಯುತ್ತ ಕೂರುವುದು ಸರಿಯಲ್ಲ ಎಂದು ಸುಮ್ಮನಾದೆ.

ಒಂದು ತಿರುವಿನಲ್ಲಿ ಸಿಂಹ ಮಲಗಿತ್ತು. ದಾರಿಯ ನಟ್ಟನಡುವೆ, ನಾಲ್ಕೂ ಕಾಲು ಚಾಚಿ. ನಾನು ಬ್ರೇಕು ಒತ್ತಿದೆ. ಒಂದು ಹಾರ್ನಿಗೆ ಅದು ಒಂದು ಕಣ್ಣು ತೆರೆಯಿತು, ಇನ್ನೊಂದಕ್ಕೆ ಅದನ್ನೂ ಮುಚ್ಚಿತು. ಆಗ ಇಲಿಗೆ ಮಂಚ ಹತ್ತುವ ನಮ್ಮ ಮೊತ್ಸುಮಿ ಲಾರಿಯ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು ಕಿರುಚಿದ: "ಏಯ್! ಏಳೋ ಸೋಮಾರಿ! ನಮ್ಮ ಹುಡುಗಿ ಮದುವೆ ಇದೆ, ನಿಂಗೇನು ಕೆಲಸ ಇಲ್ವಾ?" ಕಾಲಿನ ಚಪ್ಪಲಿ ಕಿತ್ತು ಎಸೆದೂಬಿಟ್ಟ. ಸಿಂಹ ಎದ್ದು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಮದುವೆಮನೆಯ ಸೋದರಮಾವನ ತಂಟೆಗೆ ಹೋಗಬಾರದೆಂದು ಅದಕ್ಕೂ ಗೊತ್ತಿದ್ದಿರಬೇಕು. ಪೊದೆಯೊಳಗೆ ಹೋಯಿತು. ನಾವು ಚಪ್ಪಲಿಗೆ ನಿಲ್ಲಲಿಲ್ಲ.

ಹೊತ್ತು ಇಳಿಯುವಾಗ ಬಿಡಾರ ಕಂಡಿತು. ಕಾಣುವ ಮೊದಲೇ ಕೆಮ್ಮು ಕೇಳಿತು.

ಅಂಜೂರದ ದೊಡ್ಡ ಮರದ ಕೆಳಗೆ ಬರಿ ಮರಳಿನ ಮೇಲೆ ಐದು ಜನ ಸಾಲಾಗಿ ಕೂತಿದ್ದರು. ಗಂಡಸರ ಕೋಟುಗಳಿಗೆಲ್ಲ ಬೂದಿ. ಎಲ್ಲರ ಕಣ್ಣೂ ಕೆಂಡ. ರಪುಲರ ಕೈಯಲ್ಲಿ ಕೋಲಿಲ್ಲ, ಅವರ ತಂಗಿಯ ಹೆಗಲ ಮೇಲೆ ಶಾಲಿಲ್ಲ. ಶಾಲು ಒಗೆದು ಮಡಚಿಟ್ಟಿತ್ತು. ಎದುರಿಗೆ ಕೆಲಪೀಲೆ ಕವಣೆ ಹಿಡಿದು ನಿಂತಿದ್ದ. ಜೀವಮಾನದಲ್ಲಿ ಮೊದಲ ಬಾರಿಗೆ ನಿಜವಾಗಿ ದಣಿದಿದ್ದ. ಬೆರಣಿಯ ಚೀಲ ಖಾಲಿ.

ಮೊತ್ಸುಮಿ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಹೋಗಿ ಮರಳಿನ ಮೇಲೆ ಮಂಡಿಯೂರಿದ. "ಕೋತಿಯವರೇ…" ಎಂದ.

ರಪುಲ ಕೈ ಎತ್ತಿದರು. ಮೂರು ಸಲ ಕೆಮ್ಮಿದರು. ಆಮೇಲೆ ಸಭೆಯಲ್ಲಿ ಮಾತಾಡುವವರ ಹಾಗೆ ನಿಧಾನವಾಗಿ ಶುರುಮಾಡಿದರು: "ನೀರಾನೆಯವರೇ, ನಮ್ಮಜ್ಜ ಹೇಳ್ತಿದ್ದ. ಹಿಂದಿನ ಕಾಲದಲ್ಲಿ ಹೆಣ್ಣು ಕೇಳೋಕೆ ಹೋದೋರನ್ನ ಬಾಗಿಲ ಹೊರಗೆ ಕೂರಿಸ್ತಿದ್ರಂತೆ. ಊಟ ಕೊಡ್ತಿರ್ಲಿಲ್ಲ. ಚಳೀಲಿ ಕಾಯಿಸ್ತಿದ್ರು. ತಾಳ್ಮೆ ಇದ್ದೋರ ಮನೆಗೆ ಮಾತ್ರ ಹೆಣ್ಣು. ಈಗಿನೋರು? ಬಿಸ್ಕತ್ತು ಕೊಡ್ತಾರೆ, ಟೀ ಕೊಡ್ತಾರೆ, ಹಿಂದೇನೇ ಹೆಣ್ಣೂ ಕೊಟ್ಬಿಡ್ತಾರೆ. ನಾನು ಅಂದ್ಕೊಂಡಿದ್ದೆ, ಶಾಸ್ತ್ರ ಅನ್ನೋದು ಸತ್ತೇ ಹೋಯ್ತು ಅಂತ. ಇವತ್ತು ನೋಡಿದೆ. ಉತ್ತರದಲ್ಲಿ ಇನ್ನೂ ಉಸಿರಾಡ್ತಿದೆ." ಇಲ್ಲಿ ಮತ್ತೆ ಕೆಮ್ಮು ಬಂತು. "ನಾವೇ ಉಸಿರಾಡೋಕೆ ಆಗ್ಲಿಲ್ಲ, ಅಷ್ಟೆ."

ಮೊತ್ಸುಮಿ ಬಾಯಿ ತೆರೆದ. ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ. ದೇವರೇ ಕೊಟ್ಟ ಸಂದರ್ಭ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಐವತ್ತು ವರ್ಷದಲ್ಲಿ ಮೊದಲ ಸಲ ಅವನು ಮುಚ್ಚಿಕೊಂಡ. ಮ್ಮಾ-ಗೊರಾತಾ ಸೋರೆಬುರುಡೆಯನ್ನು ಮರಳಿನ ಮೇಲಿಟ್ಟು, ಕಣ್ಣೊರೆಸಿಕೊಂಡು, ಗೌರವದಿಂದ ಚಪ್ಪಾಳೆ ತಟ್ಟಿದಳು.

"ಹಾಗಾದ್ರೆ ಕೇಳಿಬಿಡ್ತೀವಿ," ಎಂದು ರಪುಲ ಕೋಟಿನ ಗುಂಡಿ ಹಾಕಿಕೊಂಡರು. "ನಾವು ದೂರದಿಂದ ಬಂದಿದೀವಿ. ಬಾಯಾರಿದೆ. ನಿಮ್ಮ ಮನೆಯಿಂದ ಒಂದು…"

"ನೆಂಟರು!" ಎಂದು ಕೆಲ‍ಪೀಲೆ ಕೂಗಿದ. "ನೆಂಟರು ಬಂದ್ರು! ಮರದ ಮೇಲೆ!"

ಅಂಜೂರದ ಮರದ ತುಂಬ ಕೋತಿಗಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಆ ಪುಣ್ಯಾತ್ಮ ಕವಣೆಗೆ ಕಲ್ಲಿಟ್ಟು ಎಳೆದ.

ರಪುಲ ಜಿಗಿದೆದ್ದರು. ಕೋಲಿಲ್ಲದೆ ಆ ವಯಸ್ಸಿನಲ್ಲಿ ಅಷ್ಟು ಎತ್ತರ ಜಿಗಿದದ್ದು ಬೆಡಗಿನ ಮಹಿಮೆ. "ಇಳಿಸು ಕೈ! ನಮ್ಮ ಕುಲದ ಮೇಲೆ ಕಲ್ಲಾ?"

"ಅವರೇ ಹೇಳಿದ್ದು ರ್ರಾ," ಎಂದ ಕೆಲಪೀಲೆ, ಮೊತ್ಸುಮಿಯ ಕಡೆ ಕೈ ತೋರಿಸಿ. "ಕೋತಿ ಅನ್ಬೇಡ, ನೆಂಟರು ಅನ್ನು, ಕಾಳು ಕೊಡ್ಬೇಡ, ಹೊಗೆ ಹಾಕು, ಕವಣೆ…" ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಕೋತಿಗಳನ್ನು ನೋಡಿದ. ಕೂತಿದ್ದ ಐವರನ್ನು ನೋಡಿದ. ಕವಣೆ ಕೆಳಗೆ ಬಿತ್ತು. "ಅಯ್ಯೋ ನನ್ನವ್ವಾ. ಯಾವ ನೆಂಟರು?"

ರಪುಲರ ಕೆಂಪು ಕಣ್ಣುಗಳು ಕೆಲಪೀಲೆಯಿಂದ ಬೆರಣಿಯ ಬೂದಿಗೆ, ಬೂದಿಯಿಂದ ಮೊತ್ಸುಮಿಗೆ ಬಂದು ನಿಂತವು. ಶಾಸ್ತ್ರ ಎಂಬುದು ಏನಾಗಿತ್ತೆಂದು ಅವರಿಗೆ ತಿಳಿಯಿತು. ಮ್ಮಾ-ಗೊರಾತಾ ತನ್ನ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಗೊರಾತಾಳ ಮದುವೆ ನನ್ನ ಕಣ್ಣೆದುರೇ ಮರಳಿನಲ್ಲಿ ನದಿ ಇಂಗಿದ ಹಾಗೆ ಇಂಗುತ್ತಿತ್ತು.

ಮೊತ್ಸುಮಿ ಎದ್ದು ನಿಂತ. "ತಪ್ಪು ನಂದು," ಎಂದ. "ಹುಡುಗೀದಲ್ಲ, ಅಕ್ಕಂದಲ್ಲ, ಇವನದ್ದೂ ಅಲ್ಲ. ಬಿಡಾರ ನಂದಲ್ಲ. ವಿಮಾನ ನಂದಲ್ಲ, ನಾನು ಚೀಲ ತೂಗೋನು. ಇವತ್ತಿನ ತನಕ ಒಂದು ಆನೇನೂ ಸರಿಯಾಗಿ ನೋಡಿಲ್ಲ. ಹುಡುಗಿ ನನ್ನ ದೊಡ್ಡ ಮನುಷ್ಯ ಅಂದ್ಕೊಂಡಿದಾಳೆ, ಅದನ್ನ ಸುಳ್ಳು ಮಾಡೋಕೆ ಆಗ್ಲಿಲ್ಲ. ನನಗೆ ಬೇಕಾದ ಶಿಕ್ಷೆ ಕೊಡಿ. ಸಂಬಂಧ ಮಾತ್ರ ಬಿಡ್ಬೇಡಿ."

ರಪುಲ ಉತ್ತರ ಕೊಡುವಷ್ಟರಲ್ಲಿ ಮರದಿಂದ ಒಂದು ಮುದಿ ಕೋತಿ ಇಳಿಯಿತು. ಬಾಲ ಎತ್ತಿಕೊಂಡು, ಹಿರಿಯರ ನಡೆಯಲ್ಲಿ ಗತ್ತಿನಿಂದ ನಮ್ಮ ಮಧ್ಯೆ ಬಂತು. ಸೋರೆಬುರುಡೆಯನ್ನು ಎತ್ತಿ ತಟ್ಟಿ ನೋಡಿತು. ಮೂಸಿತು. ಕಂಕುಳಲ್ಲಿಟ್ಟುಕೊಂಡು ಮರ ಹತ್ತಿತು. ಮ್ಮಾ-ಗೊರಾತಾ ಚೀರಿದಳು. ಯಾರೂ ಅಲುಗಾಡುವಂತಿಲ್ಲ, ಕಲ್ಲೆತ್ತುವಂತಿಲ್ಲ, ಬೈಯುವಂತೆಯೂ ಇಲ್ಲ. ಒಬ್ಬ ತಾಯಿಯ ವರ್ಷದ ಕೆಲಸವನ್ನು ಕೋತಿ ಕೊಂಬೆಯ ಮೇಲೆ ಕೂತು ಹಲ್ಲಿನಿಂದ ಪರೀಕ್ಷಿಸುತ್ತಿತ್ತು. ತಿನ್ನಲು ಬಾರದೆಂದು ಗೊತ್ತಾದ ಮೇಲೆ ಕೈ ಬಿಟ್ಟಿತು.

ಬುರುಡೆ ಎಲೆಗಳ ನಡುವೆ ತಾಗುತ್ತ ತಡೆಯುತ್ತ ಬಂದು ರಪುಲರ ತಂಗಿಯ ಮಡಿಲಿಗೆ ಬಿತ್ತು. ಒಡೆಯಲಿಲ್ಲ.

ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಣ್ಣನನ್ನು ನೋಡಿದಳು. ಅಣ್ಣ ಮರದ ಮೇಲೆ ನೋಡಿದರು. ಮುದಿ ಕೋತಿ ಕೆಳಗೆ ನೋಡಿತು. ಆಮೇಲೆ ರಪುಲರ ಹೊಟ್ಟೆ ಅಲುಗಾಡತೊಡಗಿತು. ಕೆಮ್ಮೆಂದು ಹೆದರಿದೆವು, ನಗು.

"ನಾವು ಬುರುಡೆ ಕೇಳೋಕೆ ಬಂದ್ವಿ," ಎಂದರು ಕಣ್ಣೊರೆಸುತ್ತ. "ಹೆಣ್ಣಿನ ಕಡೆಯೋರು ತಡ ಮಾಡಿದ್ರು. ನಮ್ಮ ಹಿರಿಯ ಕಾದು ಕಾದು ಬೇಜಾರಾಗಿ ತಾನೇ ಇಳಿದು ಇಸ್ಕೊಂಡ. ಇನ್ನು ಇಲ್ಲ ಅನ್ನೋಕೆ ನಾನ್ಯಾರು? ಮ್ಮಾ, ನಿಮ್ಮ ಮಗಳು ನಮ್ಮೋಳು."

ಮ್ಮಾ-ಗೊರಾತಾ ಹಾಕಿದ ಉಲುಲುಲು ಕೇಕೆಗೆ ನದಿಯಲ್ಲಿದ್ದ ನೀರಾನೆಗಳೆಲ್ಲ ಮುಳುಗಿದವು. ಕೆಲಪೀಲೆ ಶಾಲು ಕೊಟ್ಟ, ಕೋಲು ಕೊಟ್ಟ, ಗಂಜಿಗೆ ನೀರಿಟ್ಟ, ಆಮೇಲೆ ಎಲ್ಲರ ಅಪ್ಪಣೆ ಕೇಳಿ ಮಲಗಿದ. ಉಳಿದವರು ಬೆಂಕಿಯ ಸುತ್ತ ಕೂತೆವು. ಈ ಸಲ ಬರಿ ಸೌದೆಯ ಬೆಂಕಿ.

ಮೊತ್ಸುಮಿಗೆ ಇನ್ನೂ ಸಮಾಧಾನವಿರಲಿಲ್ಲ. "ಕೋತಿಯವರೇ, ಅಷ್ಟು ದೂರದಿಂದ ಬಂದ್ರಿ. ವಿಮಾನ ಇಲ್ಲ, ಸಿಂಹ ಇಲ್ಲ. ಸಫಾರಿ ಅಂತ ಒಂದು ಪ್ರಾಣೀನೂ ತೋರಿಸೋಕೆ ಆಗ್ಲಿಲ್ಲ."

"ವಿಮಾನ ಇಲ್ಲ ಅಂತ ನಮಗೆ ಮೊದಲೇ ಗೊತ್ತು," ಎಂದರು ರಪುಲ ಗಂಜಿಯನ್ನು ಊದುತ್ತ. "ಥೂಸೊ ಎಲ್ಲ ಹೇಳಿದ್ದ. ನಮ್ಮ ಮಾಮ ಬಾಯಿಬಡುಕ, ಆದ್ರೆ ಚಿನ್ನ ಅಂತ ಹುಡುಗಿ ಅವನಿಗೆ ಹೇಳಿದ್ಳಂತೆ."

ಮೊತ್ಸುಮಿ ಬೆಂಕಿಯನ್ನು ನೋಡಿದ. "ಗೊತ್ತಿದ್ದೂ ಯಾಕೆ ಬಂದ್ರಿ?"

ರಪುಲ ಅವನನ್ನು ನೋಡಿದರು. ಒಂದೇ ಚಪ್ಪಲಿ, ಬೂದಿ ಮೆತ್ತಿದ ದೊಡ್ಡ ಹೊಟ್ಟೆ, ಒದ್ದೆ ಕಣ್ಣು.

"ನೀರಾನೆ ನೋಡೋಕೆ," ಎಂದರು. "ನೋಡಿದ್ವಿ."